ಏಳನೆಯ ಪ್ರಶ್ನೆ: ಸಾಲ ಉಂಟೋ, ಇಲ್ಲವೋ?

ಮೊನ್ನೆ ಠಾಣೆಯಿಂದ ಒಬ್ಬ ತರುಣ ಹೆಡ್ ಕಾನ್‌ಸ್ಟೇಬಲ್ ನಮ್ಮ ಮನೆಗೆ ಬಂದಿದ್ದರು. ಹೊಸಪೇಟೆಯಲ್ಲಿ ನಾನು ಹದಿಮೂರು ವರ್ಷ ಸವೆಸಿದ ಕುರ್ಚಿಯಲ್ಲಿ ಈಗ ಅವರು ಕೂತಿದ್ದಾರೆ. ಸರಕಾರಿ ನೌಕರಿಗೆ ಆಯ್ಕೆಯಾದವರ ನಡತೆ ವಿಚಾರಿಸಿ ಗುಟ್ಟಾಗಿ ವರದಿ ಬರೆಯುವ ಕೆಲಸ ಅವರ ಪಾಲಿಗೆ ಬಂದಿದೆಯಂತೆ. "ಏನೇನ್ ನೋಡಬೇಕ್ರಿ ಯಜಮಾನ್ರ?" ಎಂದು ಕೇಳಿದರು. ಚಹ ಆರುವುದರೊಳಗೆ ಹೇಳಿ ಮುಗಿಸುವ ಮಾತಲ್ಲ, ಬರೆದು ಕೊಡುತ್ತೇನೆ ಎಂದೆ. ಬರೆಯಲು ಕೂತ ಮೇಲೆ ನೋಡಿದರೆ, ನಾನು ಸರಿಯಾಗಿ ನೋಡಿದ್ದಕ್ಕಿಂತ ನೋಡದೆ ಬಿಟ್ಟದ್ದೇ ಹೆಚ್ಚು ನೆನಪಿಗೆ ಬರುತ್ತಿದೆ.

ಯಾವ ವರ್ಷ ಕಾನ್‌ಸ್ಟೇಬಲ್ ಆದೆ, ಯಾವಾಗ ತೋಳಿನ ಪಟ್ಟಿ ಹೆಚ್ಚಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಸರ್ವಿಸ್ ರಿಜಿಸ್ಟರಿನಲ್ಲಿದೆ. ಗೆದ್ದಲು ಬಿಟ್ಟಿದ್ದರೆ ಹೋಗಿ ಓದಿಕೊಳ್ಳಬಹುದು.

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಸರಕಾರದ ಕೆಳಗಿತ್ತು. ಎರಡನೆಯ ಮಹಾಯುದ್ಧ ಸುರುವಾದ ಮೇಲೆ ಎಲ್ಲದಕ್ಕೂ ವಿಚಾರಣೆ. ತಂತಿ ಕಚೇರಿಯ ಗುಮಾಸ್ತನಿಗೂ ವಿಚಾರಣೆ, ಮದ್ದಿನ ಮನೆಯ ಕಾವಲುಗಾರನಿಗೂ ವಿಚಾರಣೆ. ಆಯ್ಕೆಯಾದವನು ತನ್ನ ಕೈಯಾರೆ ತುಂಬಿದ ಎರಡು ಹಾಳೆಯ ಕಾಗದ ಅರಗಿನ ಮುದ್ರೆ ಹಾಕಿಸಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಅಪ್ಪನ ಹೆಸರು, ಊರು, ಓದು, ಹಿಂದೆ ಜೈಲು ಕಂಡದ್ದುಂಟೋ, ಹೀಗೆ ಪ್ರಶ್ನೆಗಳು. ಏಳನೆಯದು ಸಾಲದ್ದು: ಉಂಟೋ, ಯಾರಿಗೆ, ಎಷ್ಟು? ಅವನು ಬರೆದದ್ದು ನಿಜವೇ ಎಂದು ಊರಿಗೆ ಹೋಗಿ ಮೂವರನ್ನು ವಿಚಾರಿಸಿ ನಾನು ಷರಾ ಬರೆಯಬೇಕು.

ನನ್ನ ಮೇಲಿನವರು ಇನ್ಸ್‌ಪೆಕ್ಟರ್ ಮೊದಲಿಯಾರ್ ಸಾಹೇಬರು. ತಂಜಾವೂರು ಕಡೆಯವರು. ಕನ್ನಡವನ್ನು ಪರೀಕ್ಷೆಗಾಗಿ ಪುಸ್ತಕದಿಂದ ಕಲಿತಿದ್ದರು. ಆ ಪುಸ್ತಕ ಯಾವುದೋ ಕಾಯಿದೆಯ ಪುಸ್ತಕವಿದ್ದಿರಬೇಕು, ಏಕೆಂದರೆ ಅವರ ಮಾತೆಲ್ಲ 'ತಕ್ಕದ್ದು' ಎಂದೇ ಮುಗಿಯುತ್ತಿತ್ತು. "ಪಂಪಣ್ಣ, ನೀನು ಬಂದು ಕುಳಿತುಕೊಳ್ಳತಕ್ಕದ್ದು" ಎನ್ನುವರು. ಊಟಕ್ಕೆ ಕರೆದರೂ ಹಾಗೆಯೇ. ನನಗೆ ಅವರು ಕಲಿಸಿದ ಮೊದಲ ಪಾಠವೆಂದರೆ, ಪಟೇಲನನ್ನು ಕೊನೆಗೆ ಕೇಳು. ಪಟೇಲನಿಗೆ ಎಲ್ಲ ಗೊತ್ತಿರುತ್ತದೆ, ಯಾವುದನ್ನು ಹೇಳಬಾರದು ಎಂಬುದೂ ಗೊತ್ತಿರುತ್ತದೆ.

ಹಾಗಾಗಿ ನಾನು ಹರಿಗೋಲಿನವರ ಹಿಂದೆ ಬಿದ್ದೆ. ಕಂಪ್ಲಿ, ಹಂಪಿ ಎರಡೂ ಕಡೆ ಹೊಳೆಯ ಆಚೆ ದಡ ನಿಜಾಮರ ಸೀಮೆ. ಸಾಲ ಕೊಟ್ಟವರು ಬೆನ್ನು ಹತ್ತಿದರೆ ಧೋತ್ರ ಎತ್ತಿ ಕಟ್ಟಿ ಹರಿಗೋಲು ಏರಿ ಆಚೆ ಹೋಗಿ ಕೂರುವವರಿದ್ದರು. ಹಂಪಿಯ ದಡದ ಯಂಕೋಬ ನನಗೆ ಗುಟ್ಟೊಂದನ್ನು ಹೇಳಿಕೊಟ್ಟ. "ದಫೇದಾರ್ರ, ಹರಿಗೋಲ್ನಾಗ ಕುಂತು ಹಿಂದಕ್ಕ ನೋಡಿದ ಅಂದ್ರ ಅವಗ ಸಾಲ ಐತಿ. ಮುಂದಕ್ಕ ನೋಡಿದ ಅಂದ್ರ ಬೀಗರ ಮನಿಗೆ ಹೊಂಟಾನ." ಹೆಡ್ ಕಾನ್‌ಸ್ಟೇಬಲನನ್ನು ನಮ್ಮ ಕಡೆ ಜನ ದಫೇದಾರ ಎಂದೇ ಕರೆಯುತ್ತಿದ್ದರು. ಯಂಕೋಬನ ಮಾತು ನನಗೆ ಭಾರಿ ಶೋಧದಂತೆ ಕಂಡಿತು. ಅಂಚೆ ಕಚೇರಿಗೆ ಆಯ್ಕೆಯಾಗಿದ್ದ ಒಬ್ಬ ಪಾಪದ ಮನುಷ್ಯ ದಡ ಮುಟ್ಟುವತನಕ ಹಿಂದಕ್ಕೇ ನೋಡಿದನೆಂದು ಅವನ ಮೇಲೆ ಒಂದು ಪುಟ ಬರೆದೆ. ಸಾಹೇಬರು ಅವನನ್ನು ಕರೆಸಿ ನೋಡಿದರೆ ಕುತ್ತಿಗೆ ಉಳುಕಿ ವಾರವಾಗಿತ್ತು, ಠಾಣೆಯಲ್ಲೂ ಹಿಂದಕ್ಕೇ ನೋಡುತ್ತಾ ನಿಂತಿದ್ದ. ಆ ಪುಟವನ್ನು ಸಾಹೇಬರು ನನ್ನ ಕೈಯಿಂದಲೇ ಹರಿದುಹಾಕಿಸಿದರು.

ಅದಕ್ಕಿಂತ ದೊಡ್ಡ ತಪ್ಪು ಬಂಡ್ರಿಯಲ್ಲಿ ಆಯಿತು. ಒಂದು ಗಣಿಗೆ ಸೇರಿದ ಮದ್ದಿನ ಮನೆ ನಮ್ಮ ಸರಹದ್ದಿನಲ್ಲಿತ್ತು. ಬಂಡೆ ಸಿಡಿಸುವ ಮದ್ದನ್ನು ರೈಲಿನಿಂದ ಇಳಿಸಿ ಅಲ್ಲಿಟ್ಟು, ಬೇಕಾದಷ್ಟನ್ನು ಸಂಡೂರಿನ ಬೆಟ್ಟಕ್ಕೆ ಸಾಗಿಸುತ್ತಿದ್ದರು. ಅದರ ಕೀಲಿ ಹಿಡಿಯುವ ಕೆಲಸಕ್ಕೆ ಆಯ್ಕೆಯಾದವನು ಬಂಡ್ರಿಯ ಓಬಳಪ್ಪ. ಏಳನೆಯ ಪ್ರಶ್ನೆಗೆ 'ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಬಂಡ್ರಿ ಇರುವುದು ಸಂಡೂರಿನಲ್ಲಿ, ಅದು ಬೇರೆ ಸಂಸ್ಥಾನ, ಅಲ್ಲಿ ನನ್ನ ಪೇಟ ನಡೆಯುವುದಿಲ್ಲವೆಂದು ಖಾಕಿ ಬಿಟ್ಟು ಬಿಳಿ ಧೋತ್ರ, ಕರಿ ಕೋಟು ತೊಟ್ಟು, ಕೊಡೆ ಮತ್ತು ಚರ್ಮದ ಚೀಲ ಹಿಡಿದು ಹೋದೆ. ಕೋರ್ಟಿನಿಂದ ಜಪ್ತಿಗೆ ಬರುವ ಅಮೀನನ ವೇಷವೂ ಅದೇ ಎಂಬುದು ನನಗೆ ಹೊಳೆಯಲಿಲ್ಲ.

ನಾನು ಊರಿನ ಅಗಸೆಬಾಗಿಲು ದಾಟುವುದರೊಳಗೆ ಊರು ಖಾಲಿಯಾಯಿತು. ಬಾಗಿಲುಗಳು ದಡದಡ ಮುಚ್ಚಿಕೊಂಡವು. ಒಂದು ಗೋಡೆಯ ಮೇಲಿಂದ ಹಿತ್ತಾಳೆ ಕೊಡ ಆ ಕಡೆಗೆ ದಾಟಿಹೋಗುವುದನ್ನು ಕಣ್ಣಾರೆ ಕಂಡೆ. ಎತ್ತು ಎಮ್ಮೆಗಳನ್ನೆಲ್ಲ ಹೊಲದ ಕಡೆ ಓಡಿಸಿಬಿಟ್ಟರು. ಉಳಿದವರು ಇಬ್ಬರೇ. ಕಿವಿ ಕೇಳದ ಒಬ್ಬ ಮುದುಕಿ, ಇನ್ನೊಬ್ಬ ಓಬಳಪ್ಪನ ಸೋದರಮಾವ. "ಸಾಲಾ? ನಮ್ ಹುಡುಗಗಾ? ಹಾಲಿನಂಥಾ ಹುಡುಗ್ರಿ ಅವ" ಎಂದ ಮಾವ. ಮುದುಕಿಯೂ ತಲೆಯಾಡಿಸಿದಳು. ಬಿಸಿಲು ಏರಿತ್ತು, ನಡೆಯಬೇಕಾದ ದಾರಿ ಬಹಳವಿತ್ತು. ಮೂರನೆಯವರನ್ನು ಹುಡುಕದೆ 'ಸಾಲವಿಲ್ಲ' ಎಂದು ಬರೆದುಕೊಂಡು ಬಂದೆ.

ಕೆಲವು ತಿಂಗಳು ಕಳೆದವು. ಒಂದು ದಿನ ಕಂಪ್ಲಿ ಸಂತೆಯಲ್ಲಿ ಮೀನಿನ ಸಾಲು ದಾಟುವಾಗ ಮೂಗು ಮುಚ್ಚಿಕೊಂಡು ಬಿರಬಿರನೆ ಹೋಗುತ್ತಿದ್ದೆ. ನಮ್ಮದು ಲಿಂಗವಂತರ ಮನೆ, ಮೀನಿನ ತಲೆ ಯಾವುದು ಬಾಲ ಯಾವುದು ಎಂದು ನನಗೆ ತಿಳಿಯದು. ಮೀನು ಮಾರುವ ಹುಲಿಗೆಮ್ಮ ನನ್ನನ್ನು ಅಡ್ಡಗಟ್ಟಿದಳು.

"ದಫೇದಾರ್ರ, ಮೂಗು ಮುಚ್ಚಿದ್ರ ಮುಚ್ಗೋರಿ, ಕಣ್ಣರ ಬಿಡ್ರಿ. ಆ ಕಡಿ ಕುಂತಾಕಿ ಬುಟ್ಟ್ಯಾಗಿನ ಮೀನ ನೋಡ್ರಿ. ಬಲಿ ಗುರ್ತಿಲ್ಲ, ಗಾಳದ ಗುರ್ತಿಲ್ಲ. ಕೊಯ್ದು ನೋಡಿದ್ರ ಒಳಗ ಎಲುಬು ಪುಡಿ ಪುಡಿ. ಮೀನ ತಾವ ಗುದ್ದಾಡಿ ಸತ್ತು ಬುಟ್ಟ್ಯಾಗ ಬಂದು ಬಿದ್ದಾವೇನು?"

ಹೊಳೆಯಲ್ಲಿ ಯಾರೋ ಮದ್ದು ಸಿಡಿಸಿ ಮೀನು ಹಿಡಿಯುತ್ತಿದ್ದಾರೆಂದು ಆಗ ಅರ್ಥವಾಯಿತು. ಮದ್ದು ಸಿಗುವ ಜಾಗ ಸುತ್ತಮುತ್ತ ಒಂದೇ. ನಾಲ್ಕು ದಿನದಲ್ಲಿ ಓಬಳಪ್ಪ ನನ್ನ ಮುಂದೆ ಕೂತು ಅಳುತ್ತಿದ್ದ. ಇಸ್ಪೀಟಿನಲ್ಲಿ ಸೋತು ಕಂಪ್ಲಿಯ ಒಬ್ಬನಿಗೆ ಕೊಡಬೇಕಾಗಿದ್ದದ್ದು ಬರೀ ಎಂಟು ರೂಪಾಯಿ. ಆ ಮನುಷ್ಯ ಎಂಟು ರೂಪಾಯಿ ಕೇಳಲೇ ಇಲ್ಲ. "ಸಾಲ ಇಲ್ಲಂತ ಬರಕೊಟ್ಟಿಯಂತ? ಸಾಹೇಬ್ರಿಗೆ ಹೇಳ್ಲೇನು?" ಎಂದ. ಅಷ್ಟಕ್ಕೇ ವಾರಕ್ಕೆ ಎರಡು ಮದ್ದಿನ ಕಡ್ಡಿ ಹೊರಗೆ ಬರತೊಡಗಿದವು. ಎಂಟು ರೂಪಾಯಿ ಎಂದು ಕಾಗದದಲ್ಲಿ ಬರೆದಿದ್ದರೆ ಯಾರೂ ಅವನಿಗೆ ಕೆಲಸ ತಪ್ಪಿಸುತ್ತಿರಲಿಲ್ಲ. ಸಾಲ ಅವನನ್ನು ಕೆಡಿಸಲಿಲ್ಲ, ಆ 'ಇಲ್ಲ' ಎಂಬ ದಪ್ಪಕ್ಷರ ಕೆಡಿಸಿತು. ಈ ಕೆಲಸಕ್ಕೆ ಹೊಸದಾಗಿ ಬಂದವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು.

"ಇಂದು ಮೀನು. ನಾಳೆ ರೈಲ್ವೆ ಸೇತುವೆ ಆಗತಕ್ಕದ್ದು" ಎಂದರು ಸಾಹೇಬರು. ಕಳ್ಳನನ್ನು ಹಿಡಿದದ್ದಕ್ಕೆ ಇನಾಮು ಏನಾದರೂ ಬರಬಹುದೇ ಎಂದು ಮೆಲ್ಲಗೆ ಕೇಳಿದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅವನಿಗೆ ಕೀಲಿ ಕೊಡಿಸಿದ ವರದಿ ಯಾರದು? ನಿನ್ನದು. ಹಿಡಿದವನು ಯಾರು? ನೀನು. ಎರಡೂ ಹೊಡೆದುಹೋಗತಕ್ಕದ್ದು." ಅಲ್ಲಿಗೆ ಮಾತು ಮುಗಿಯಿತು.

ಅಂದಿನಿಂದ ನಾನು ಬಹಳ ಬಿಗಿಯಾದೆ. ಮೂವರೆಂದರೆ ಮೂವರೇ, ಅದೂ ಸಂಬಂಧಿಕರಲ್ಲದವರು. ಆ ಬಿಗಿಯಿಂದಲೇ ಮುಂದಿನ ತಪ್ಪು ಹುಟ್ಟಿತು. ನನ್ನ ನೌಕರಿಯಲ್ಲಿ ನಾನು ಮರೆಯಲಾರದ್ದು ಇದೇ.

ಮಲಪನಗುಡಿಯ ಸಿದ್ದಲಿಂಗ ಎಂಬ ತರುಣ ಮದ್ರಾಸಿನಲ್ಲಿ ಗುಪ್ತ ತಂತಿಗಳನ್ನು ನಕಲು ಮಾಡುವ ಕಚೇರಿಗೆ ಆಯ್ಕೆಯಾದ. ಅವನ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲಿ ತಾಯಿ ಮತ್ತು ಇಬ್ಬರು ತಂಗಿಯರು. ಅಷ್ಟು ಸಂಬಳದ ನೌಕರಿ ಆ ಊರಿನವರಿಗೆ ಸಿಕ್ಕದ್ದೇ ಇಲ್ಲ. ಅವನ ಕಾಗದದ ಏಳನೆಯ ಪ್ರಶ್ನೆಗೆ ಹೀಗೆ ಬರೆದಿದ್ದ: 'ಉಂಟು. ಹೊಸಪೇಟೆ ಪೇಟೆಯ ಕೊಟ್ರಪ್ಪ ಶೆಟ್ಟರಿಗೆ ಇನ್ನೂರ ನಲವತ್ತು ರೂಪಾಯಿ.' ಇಂಥ ಉತ್ತರ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಎಲ್ಲರೂ 'ಇಲ್ಲ' ಎಂದೇ ಬರೆಯುತ್ತಿದ್ದರು.

ಕೊಟ್ರಪ್ಪ ಶೆಟ್ಟರದು ಅಕ್ಕಿ ಗಿರಣಿ, ಜೊತೆಗೆ ಕಿರಾಣಿ ಅಂಗಡಿ. ಹಣೆತುಂಬ ವಿಭೂತಿ. ತಕ್ಕಡಿಯನ್ನು ಗಿರಾಕಿಯ ಕಡೆಗೇ ವಾಲಿಸುವ ಮನುಷ್ಯ, ಸುಳ್ಳು ಹೇಳಿದರೆಂದು ಯಾರೂ ಕೇಳಿದ್ದಿಲ್ಲ. ಹೋಗಿ ಕೇಳಿದೆ.

"ಸಿದ್ದಲಿಂಗನ ಹೆಸರ್ಲೇ ನನ್ ಕಡಿ ಒಂದು ಪೈ ಇಲ್ರಿ" ಎಂದರು.

"ಅವರ ಅಪ್ಪಂದು?"

"ಇಲ್ರಿ." ಎಂದವರು ಹುಣಸೆಹಣ್ಣು ತೂಗಲು ಎದ್ದುಹೋದರು.

ಮಲಪನಗುಡಿಗೆ ಹೋಗಿ ಮೆಟ್ಟಿಲ ಬಾವಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರಿಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಒಂದೇ ಮಾತು: ಆ ಮನೆಗೆ ಯಾರ ಸಾಲವೂ ಇಲ್ಲ. ಮೂವರಾದರು. ನಾನು ಬರೆದೆ: 'ಅಭ್ಯರ್ಥಿ ಹೇಳಿದ ಸಾಲ ಇರುವುದಿಲ್ಲ. ಹೇಳಿಕೆ ಸುಳ್ಳು.' ಬರೆದು ಒಳ್ಳೆಯ ಊಟ ಮಾಡಿ ಮಲಗಿದೆ.

ಸಾಹೇಬರು ಅದನ್ನು ಓದಿ ಮುಖ ಗಂಟು ಹಾಕಿದರು. ಇದ್ದ ಸಾಲ ಮುಚ್ಚಿಡುವವರನ್ನು ಕಂಡಿದ್ದರು, ಇಲ್ಲದ ಸಾಲ ತೋರಿಸುವವನನ್ನು ಕಂಡಿರಲಿಲ್ಲ. ಬೇರೆ ಯಾರಿಂದಲೋ ಹಣ ಪಡೆದಿದ್ದಾನೆ, ಆ ಹೆಸರು ಮುಚ್ಚಲು ಶೆಟ್ಟರ ಹೆಸರು ಹಾಕಿದ್ದಾನೆ ಎಂಬುದು ಅವರ ಸಂಶಯ. ಯುದ್ಧಕಾಲ, ಗುಪ್ತ ತಂತಿಯ ಕಚೇರಿ. ಸಿದ್ದಲಿಂಗನನ್ನು ಠಾಣೆಗೆ ಕರೆಸಿದರು. ಇಪ್ಪತ್ತೆರಡರ ತೆಳ್ಳಗಿನ ಹುಡುಗ, ಇಸ್ತ್ರಿಯಿಲ್ಲದಿದ್ದರೂ ಶುಭ್ರವಾದ ಅಂಗಿ.

"ಸಾಲ ಐತ್ರಿ. ಅಪ್ಪ ಸಾಯೂ ಮುಂದ ನನ್ ಕೈ ಹಿಡದು ಹೇಳ್ಯಾನ" ಎಂದ. ಎಷ್ಟು ಸಲ ತಿರುಗಿಸಿ ಕೇಳಿದರೂ ಅದೇ ಮಾತು.

ಸಾಹೇಬರು ಶುಕ್ರವಾರದತನಕ ಸಮಯ ಕೊಟ್ಟರು. ಅಷ್ಟರೊಳಗೆ ಸಾಲದ ಬರಹ ತೋರಿಸಬೇಕು, ಇಲ್ಲವಾದರೆ 'ನಂಬತಕ್ಕವನಲ್ಲ' ಎಂಬ ಷರಾದೊಂದಿಗೆ ಕಾಗದ ಮದ್ರಾಸಿಗೆ ಹೋಗುತ್ತದೆ. ಆ ಷರಾ ಬಿದ್ದವನಿಗೆ ಆ ನೌಕರಿಯಷ್ಟೇ ಅಲ್ಲ, ಸರಕಾರದ ಯಾವ ನೌಕರಿಯೂ ಇಲ್ಲ. ಅವನು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ನೀನೂ ಜೊತೆಗೆ ಹೋಗತಕ್ಕದ್ದು. ನಿಮ್ಮಿಬ್ಬರಲ್ಲಿ ಒಬ್ಬನ ಮಾತು ಸುಳ್ಳು" ಎಂದರು.

ನಾವಿಬ್ಬರೂ ಅಂಗಡಿಗೆ ಹೋದೆವು. ಸಿದ್ದಲಿಂಗ ಶೆಟ್ಟರ ಕಾಲು ಮುಟ್ಟಿ, "ಅಪ್ಪನ ಸಾಲ ನಂದ್ರಿ. ನೌಕರಿ ಸಿಕ್ಕಕೂಡ್ಲೇ ಕಟ್ತೀನಿ. ಇಲ್ಲನಬ್ಯಾಡ್ರಿ" ಎಂದ. ಶೆಟ್ಟರು ಅವನನ್ನು ಹಿಡಿದೆಬ್ಬಿಸಿದರು. ಅವರ ಕಣ್ಣು ತೇವವಾದದ್ದನ್ನು ನಾನು ನೋಡಿದೆ. ಆಮೇಲೆ ಒಳಗೆ ಹೋಗಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕ ತಂದರು.

ಅವರ ಮನೆತನದಲ್ಲಿ ಒಂದು ಪದ್ಧತಿ. ಸಾಲ ಪಡೆದವನು ತೀರಿಕೊಂಡರೆ ದೀಪಾವಳಿಯ ಖಾತೆ ಪೂಜೆಯ ದಿನ ಅವನ ಪುಟಕ್ಕೆ ವಿಭೂತಿ ಬಳಿದು ಒಳಕ್ಕೆ ಮಡಿಚುತ್ತಾರೆ. ಮಡಿಚಿದ ಸಾಲವನ್ನು ಹೆಂಡತಿ ಮಕ್ಕಳ ಹತ್ತಿರ ಕೇಳುವಂತಿಲ್ಲ. ಯಾರಾದರೂ ಬಂದು ಕೇಳಿದರೆ ಇದೆ ಎನ್ನುವಂತಿಲ್ಲ. ಮಗ ತಾನಾಗಿ ಬಂದು ನನ್ನದು ಎಂದರೆ ಮಾತ್ರ ಆ ಮಡಿಕೆ ಬಿಚ್ಚಬೇಕು. "ನೀವು ಕೇಳಿದ್ರಿ, ಇಲ್ಲ ಅಂದೆ. ಅವ ಕೇಳಿದ, ಬಿಚ್ಚೀನಿ" ಎಂದರು. ಬಾವಿಯ ಕಟ್ಟೆಯ ಹಿರಿಯರಿಗೂ ಈ ಪದ್ಧತಿ ಗೊತ್ತಿದ್ದದ್ದೇ. ಅದಕ್ಕೇ ಅವರೂ ಇಲ್ಲವೆಂದಿದ್ದರು. ಗೊತ್ತಿರದಿದ್ದವನು ನಾನೊಬ್ಬ.

ಪುಟ ಬಿಚ್ಚಿತು. ವಿಭೂತಿಯ ಕೆಳಗೆ ಇನ್ನೂರ ನಲವತ್ತು ರೂಪಾಯಿ ನಿಚ್ಚಳವಾಗಿ ಕಂಡಿತು. ಅದರ ಎದುರು ಪುಟದ ಮೇಲೆ ನನ್ನ ಹೆಸರಿತ್ತು.

ಈಗ ಹೇಳಲೇಬೇಕು. ಓಬಳಪ್ಪನನ್ನು ಹಿಡಿದ ಹುಮ್ಮಸ್ಸಿನಲ್ಲಿ, ಸಾಹೇಬರನ್ನು ಕೇಳುವ ಮೊದಲೇ ಮನೆಯಲ್ಲಿ ಹೆಂಡತಿ ಗೌರಮ್ಮನಿಗೆ, "ಸರಕಾರದಿಂದ ಭಾರಿ ಇನಾಮು ಬರ್ತೈತಿ ನೋಡು" ಎಂದುಬಿಟ್ಟಿದ್ದೆ. ಬರಲಿಲ್ಲ. ಬಾಯಿ ಜಾರಿಸಿದವನು ಒಪ್ಪಿಕೊಳ್ಳುವುದು ಬಿಟ್ಟು ಶೆಟ್ಟರಿಂದ ನೂರಿಪ್ಪತ್ತು ರೂಪಾಯಿ ಕೈಗಡ ತಂದು, ಅಕ್ಕಸಾಲಿಗನಿಂದ ಒಂದು ಜೊತೆ ಬಂಗಾರದ ಪಾಟ್ಲಿ ಮಾಡಿಸಿ, "ಸರಕಾರ ಕೊಟ್ಟದ್ದು" ಎಂದು ಅವಳ ಕೈಗಿಟ್ಟೆ. ಅವಳು ಬಳೆ ತೊಟ್ಟು ಸುಮ್ಮನೆ ನಕ್ಕಳು. ಸರಕಾರದ ಪಾಟ್ಲಿಯ ಸುದ್ದಿ ಇಡೀ ಓಣಿಗೆ ಹಬ್ಬಿತು. ಪೊಲೀಸಿನವನು ಸಾಲ ಮಾಡಿದರೆ ಮೇಲಿನವರಿಗೆ ತಿಳಿಸಬೇಕೆಂದು ನಿಯಮವಿತ್ತು. ನಾನು ತಿಳಿಸಿರಲಿಲ್ಲ. ಊರವರ ಸಾಲ ಕೆದಕುವ ಕುರ್ಚಿಯಲ್ಲಿ ಕೂತವನ ಕತೆ ಇದು.

ಶೆಟ್ಟರು ನನ್ನನ್ನು ಅಕ್ಕಿ ಚೀಲಗಳ ಹಿಂದಕ್ಕೆ ಕರೆದರು. "ಈ ಖಾತಿ ಠಾಣಿಗೆ ಹೋದ್ರ ನಿಮ್ ಹೆಸರಿನ ಪಾನಾನೂ ಹೋಗ್ತೈತಿ, ಪಂಪಣ್ಣ. ಪೂಜಿ ಮಾಡಿದ್ದು, ಹಾಳಿ ಹರಿಯಂಗಿಲ್ಲ. ನೀವು ಹೆಂಗ ಅಂತೀರಿ ಹಂಗ."

ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ. ಒಂದಿಡೀ ದಿನ, ಆ ಹುಡುಗನ ನೌಕರಿ ಹೋದರೆ ಹೋಗಲಿ, ಚಿಕ್ಕ ವಯಸ್ಸು, ಹೊಲ ಮಾಡಿಕೊಂಡಾದರೂ ಬದುಕುತ್ತಾನೆ ಎಂದುಕೊಂಡೆ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಸಿದ್ದಲಿಂಗ ನಮ್ಮ ಮನೆಯ ಜಗಲಿಗೆ ಬಂದ. ಕೈಯಲ್ಲೊಂದು ಕಾಗದ. "ನಾ ತಪ್ಪು ತಿಳದು ಬರದಿದ್ದೆ, ಸಾಲ ಇಲ್ಲ ಅಂತ ಬರಕೊಟ್ಟುಬಿಡ್ತೀನ್ರಿ. ತಪ್ಪಾತು ಅಂದ್ರ ಸಾಹೇಬ್ರು ಒಪ್ಪಿದ್ರೂ ಒಪ್ಪಬಹುದು."

"ಯಾಕಪ್ಪ? ಸಾಲ ಐತಲ್ಲ."

ಅವನು ನೆಲ ನೋಡಿದ. "ಎದುರು ಪಾನ ನಾನೂ ನೋಡೀನ್ರಿ. ನಿಮಗ್ಯಾಕ ತ್ರಾಸ?"

ಆ ಹುಡುಗ ಬದುಕಿನಲ್ಲಿ ಬರೆಯಲಿದ್ದ ಮೊದಲ ಸುಳ್ಳು ನನಗಾಗಿ. ಆ ಕಾಗದ ಕಿತ್ತುಕೊಂಡು ಹರಿದು, ಅವನನ್ನು ಕರೆದುಕೊಂಡು ಶೆಟ್ಟರ ಅಂಗಡಿಗೆ ಹೋದೆ. "ಖಾತಿ ತಗೊಂಡು ನಡೀರಿ ಶೆಟ್ರ" ಎಂದೆ. ನಾನು ಒಮ್ಮೆಲೇ ಸತ್ಯಸಂಧನಾದೆನೆಂದು ತಿಳಿಯಬೇಡಿ. ಸಾಹೇಬರಿಗೆ ಅಚ್ಚಿನ ಕನ್ನಡ ಮಾತ್ರ ಬರುತ್ತದೆ, ಅಂಗಡಿಯವರು ಒಂದಕ್ಕೊಂದು ಕೂಡಿಸಿ ಗೀಚುವ ಅಕ್ಷರ ಓದಲು ಬರುವುದಿಲ್ಲ ಎಂಬುದು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದೇ ಇತ್ತು.

ಶೆಟ್ಟರು ಖಾತೆಯನ್ನು ಮಡಿಬಟ್ಟೆಯಲ್ಲಿ ಸುತ್ತಿ ತಾವೇ ಎದೆಗವಚಿಕೊಂಡು ಬಂದರು. ಸಾಹೇಬರ ಮೇಜಿನ ಮೇಲೆ ಇಡುವ ಮೊದಲು, "ಬೂಟು ಬಿಡ್ರಿ ಸಾಹೇಬ್ರ. ಲಕ್ಷ್ಮಿ" ಎಂದರು. ಠಾಣೆಯಲ್ಲಿ ಸಾಹೇಬರಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಕಾನ್‌ಸ್ಟೇಬಲುಗಳು ಗೋಡೆ ನೋಡುತ್ತಾ ನಿಂತರು. ಸಾಹೇಬರು ಒಂದು ಕ್ಷಣ ಯೋಚಿಸಿ, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು. ಬಲಗಾಲಿನ ಕಾಲುಚೀಲ ಹೆಬ್ಬೆರಳ ಹತ್ತಿರ ತೂತಾಗಿತ್ತು. ಅದನ್ನು ನಾವಾರೂ ನೋಡಲಿಲ್ಲ.

ಪುಟ ಬಿಚ್ಚಿದ ಮೇಲೆ ಕನ್ನಡಕ ಏರಿಸಿ ಇಳಿಸಿ ನೋಡಿದರು. "ಇದು ಬರಹವೋ, ಇರುವೆ ಹರಿದದ್ದೋ? ಪಂಪಣ್ಣ, ನೀನು ಓದತಕ್ಕದ್ದು."

ಸಿದ್ದಲಿಂಗನ ಅಪ್ಪನ ಪುಟವನ್ನು ದೊಡ್ಡ ದನಿಯಲ್ಲಿ ಓದಿದೆ. ಶೆಟ್ಟರು ಮನೆತನದ ಪದ್ಧತಿಯನ್ನು ವಿವರಿಸಿದರು. ಸಾಹೇಬರು ತಲೆದೂಗುತ್ತಾ ಕೇಳಿದರು. ಇನ್ನೇನು ಪುಸ್ತಕ ಮುಚ್ಚಬೇಕು, ಅವರ ಬೆರಳು ಎದುರು ಪುಟದ ಮೇಲೆ ಬಂದು ನಿಂತಿತು.

"ಇಲ್ಲಿ ಯಾರ ಹೆಸರು? ಇದನ್ನೂ ಓದತಕ್ಕದ್ದು."

ಶೆಟ್ಟರು ಸೂರು ನೋಡಿದರು. ಸಿದ್ದಲಿಂಗ ತನ್ನ ಕಾಲುಗಳನ್ನು ನೋಡಿಕೊಂಡ. ನಾನು ಯಾವ ಹೆಸರು ಓದಿದರೂ ಅವರಿಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕಂಪ್ಲಿಯ ಯಾವನೋ ಒಬ್ಬನ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಆ ಹೊತ್ತಿನಲ್ಲಿ ಎಂಟು ರೂಪಾಯಿಗೆ ಅಳುತ್ತಿದ್ದ ಓಬಳಪ್ಪನ ಮುಖ ಕಣ್ಣ ಮುಂದೆ ಬಂತು. ಅವನಿಗೂ ನನಗೂ ಇದ್ದ ವ್ಯತ್ಯಾಸ ಬರೀ ನೂರಾ ಹನ್ನೆರಡು ರೂಪಾಯಿ ಎನಿಸಿತು.

"ಹೆಡ್ ಕಾನ್‌ಸ್ಟೇಬಲ್ ಪಂಪಣ್ಣ. ನೂರಿಪ್ಪತ್ತು ರೂಪಾಯಿ" ಎಂದು ಓದಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಎರಡನೆಯ ಸಲ ಓದಬೇಕಾಯಿತು.

ಸಾಹೇಬರು ಮೊದಲು ಸಿದ್ದಲಿಂಗನ ಕಾಗದ ತೆಗೆದು ನನ್ನ ಷರಾದ ಮೇಲೆ ಗೆರೆ ಎಳೆದು ತಾವೇ ಬರೆದರು: 'ಊರೆಲ್ಲ ಇಲ್ಲವೆಂದು ಹೇಳಿದ ಸಾಲವನ್ನು ಉಂಟೆಂದು ಬರೆದವನು. ಪೂರ್ಣ ನಂಬತಕ್ಕವನು.' ಅವನು ಆ ತಿಂಗಳೇ ಮದ್ರಾಸಿಗೆ ಹೋದ. ತಿಂಗಳು ತಿಂಗಳೂ ಮನಿಯಾರ್ಡರ್ ಬರುತ್ತಿತ್ತು. ಶೆಟ್ಟರು ಸಹಿ ಹಾಕುವಾಗಲೆಲ್ಲ, "ಈ ಹುಡುಗ ಭಾಳ ಹಟಮಾರಿ ನೋಡ್ರಿ" ಎಂದು ಅಂಗಡಿಗೆ ಬಂದವರಿಗೆಲ್ಲ ದೂರು ಹೇಳುತ್ತಿದ್ದರು.

ನನಗೆ ಸಾಹೇಬರು ಅದೇ ಎರಡು ಹಾಳೆಯ ಕಾಗದ ಕೊಟ್ಟರು. "ನೀನೂ ತುಂಬತಕ್ಕದ್ದು." ತುಂಬಿದೆ. ಏಳನೆಯ ಪ್ರಶ್ನೆಗೆ ಬಂದಾಗ ಮಸಿ ಎರಡು ಸಲ ಸೋರಿತು. ವಿಚಾರಣೆ ಮುಗಿಯುವತನಕ ಗುಪ್ತ ಕಾಗದಗಳ ಬೀರುವಿನ ಕೀಲಿ ಕಿತ್ತುಕೊಂಡು, ನನ್ನನ್ನು ಸಂತೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಕೆಲಸಕ್ಕೆ ಹಾಕಿದರು. ನನ್ನ ಮೇಲೆ ವಿಚಾರಣೆಗೆ ಬಂದವರು ಕಂಪ್ಲಿಯ ಹೆಡ್ ಕಾನ್‌ಸ್ಟೇಬಲ್ ಹುಸೇನ್ ಸಾಹೇಬರು. ನಗುಮುಖದ ಮನುಷ್ಯ, ಆದರೆ ಕೆಲಸದಲ್ಲಿ ಯಾರ ಮುಲಾಜೂ ನೋಡದವರು.

ಅವರು ನಮ್ಮ ಓಣಿಯಲ್ಲಿ ಮೂವರನ್ನಲ್ಲ, ಐವರನ್ನು ಕೇಳಿದರಂತೆ. ಕ್ಷೌರದವನು, "ಅವ್ರು ಸಾಲ ಮಾಡೋ ಪೈಕಿ ಅಲ್ರಿ" ಎಂದ. ಹಾಲಿನವಳು, "ದೇವ್ರಂಥಾ ಮನಷ್ಯಾ" ಎಂದಳು, ಅವಳಿಗೆ ಎರಡು ತಿಂಗಳ ಬಾಕಿ ನಾನು ಕೊಡಬೇಕಿತ್ತು. ಉಳಿದ ಮೂವರೂ ಹಾಗೆಯೇ. ಒಬ್ಬರ ಮೇಲೊಬ್ಬರು ನನ್ನ ಮೇಲಿನ ಪ್ರೀತಿಯಿಂದ ಸುಳ್ಳು ಹೇಳಿದರು. ಕೊನೆಗೆ ಹುಸೇನ್ ಸಾಹೇಬರು ನಮ್ಮ ಮನೆಯ ಬಾಗಿಲಿಗೆ ಬಂದ ಸುದ್ದಿ ಸಂತೆಯಲ್ಲಿ ನಿಂತಿದ್ದ ನನಗೆ ಮುಟ್ಟಿತು. ಗೌರಮ್ಮನಿಗೆ ಏನೂ ಗೊತ್ತಿಲ್ಲ, ಸರಕಾರದ ಪಾಟ್ಲಿ ಎಂದು ಹೆಮ್ಮೆಯಿಂದ ಕೈ ಚಾಚಿ ತೋರಿಸುತ್ತಾಳೆ, ಆ ಸುಳ್ಳು ನನ್ನ ಕಡತಕ್ಕೆ ಸೇರುತ್ತದೆ, ನೌಕರಿ ಮುಗಿಯುತ್ತದೆ ಎಂದುಕೊಂಡೆ.

ಮರುದಿನ ಸಾಹೇಬರು ಕರೆದು ಹುಸೇನ್ ಸಾಹೇಬರ ವರದಿಯನ್ನು ನನ್ನ ಮುಂದಿಟ್ಟರು. ಗೌರಮ್ಮನ ಮಾತನ್ನು ಆಡಿದ ಹಾಗೆಯೇ ಬರೆದುಕೊಂಡಿದ್ದರು. "ಸಾಲ ಐತ್ರಿ. ನೂರಿಪ್ಪತ್ತು. ಕೊಟ್ರಪ್ಪ ಶೆಟ್ರಿಗೆ. ಈ ಪಾಟ್ಲಿ ಸಲುವಾಗಿ. ಸರಕಾರ ಕೊಟ್ತು ಅಂತ ನನಗ ಹೇಳ್ಯಾರ, ನಾ ನಂಬಿದಂಗ ಇದ್ದೀನಿ. ಬೇಕಾದ್ರ ಪಾಟ್ಲಿ ತಗೊಂಡ್ ಹೋಗ್ರಿ, ಅವ್ರ ನೌಕರಿ ತೆಗೀಬ್ಯಾಡ್ರಿ."

ಓದಿ ಮುಗಿಸಿ ತಲೆ ಎತ್ತಲಾರದೆ ನಿಂತೆ. ಸಾಹೇಬರು ಮೇಜಿನ ಖಾನೆ ತೆಗೆದು ಬೀರುವಿನ ಕೀಲಿಯನ್ನು ನನ್ನ ಕಡೆಗೆ ಸರಿಸಿದರು. "ನಿನ್ನ ಸಾಲ ಶೆಟ್ಟಿಗೆ ಗೊತ್ತು, ನನಗೆ ಗೊತ್ತು, ಹೆಂಡತಿಗೂ ಗೊತ್ತು. ಇನ್ನು ನಿನ್ನನ್ನು ಹೆದರಿಸಲು ಯಾರ ಹತ್ತಿರವೂ ಏನೂ ಉಳಿದಿಲ್ಲ. ಸಂಬಳದಲ್ಲಿ ತಿಂಗಳಿಗೆ ಐದು ರೂಪಾಯಿ ಹಿಡಿದು ಶೆಟ್ಟಿಗೆ ಕಟ್ಟತಕ್ಕದ್ದು. ಇವತ್ತು ಬೇಗ ಮನೆಗೆ ಹೋಗತಕ್ಕದ್ದು."

ಮನೆಗೆ ಹೋದೆ. ಗೌರಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಪಾಟ್ಲಿ ಹಿಟ್ಟಾಗದಂತೆ ಮುಂಗೈಯ ಮೇಲಕ್ಕೆ ಏರಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಕೇಳಿದೆ, "ಯಾರು ಹೇಳಿದ್ರು ನಿನಗ? ಶೆಟ್ರೇನು? ಅಕ್ಕಸಾಲಿಗನೇನು?"

"ಯಾರೂ ಹೇಳಿಲ್ಲ. ಕೈಗಡದ ಚೀಟಿ ಆಮ್ಯಾಗ ನಿಮ್ ಕೋಟಿನ ಕಿಸೇದಾಗ ಸಿಕ್ತು, ಸರಕಾರದ್ದಲ್ಲ ಅನ್ನೂದು ತಂದ ದಿನಾನ ಗೊತ್ತಾತು."

"ಹೆಂಗ?"

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ಪಾಟ್ಲಿಯನ್ನು ಮಣಿಕಟ್ಟಿಗೆ ಇಳಿಸಿಕೊಂಡು ಕೈ ಮುಂದೆ ಹಿಡಿದಳು. ಸಡಿಲವೂ ಅಲ್ಲ, ಬಿಗಿಯೂ ಅಲ್ಲ, ಹೇಳಿ ಮಾಡಿಸಿದ ಹಾಗೆ ಕೂತಿತ್ತು.

"ನನ್ ಕೈ ಅಳತಿ ಸರಕಾರಕ್ಕ ಹೆಂಗ ಗೊತ್ತಾಗಬೇಕ್ರಿ?" ಎಂದಳು.